ಕೇರಿಯವರೇ ಸೇರಿ ಮನೆ ಕಟ್ಟಿಸಿಕೊಂಡವರು ಇದ್ದೀರಾ? ಅನುಭವ ಬೇಕಿತ್ತು

ಕೋಡಿಬಾಗದವ:
ಕಾರವಾರದ ಕೋಡಿಬಾಗ ಕಡೆ ನಮ್ಮದು 38 ಮನೆಗಳ ಕೇರಿ. ಎಲ್ಲಾ ಹಂಚಿನ ಮನೆ. ಅರ್ಧ ಮನೆಗಳ ಪಕಾಸಿ ಗೆದ್ದಲು ತಿಂದು ಮುಗಿಸಿದೆ. ಜಾಗದ ಕಾಗದ ಕೆಲವರ ಹತ್ತಿರ ಇದೆ, ಕೆಲವರ ಹತ್ತಿರ ಇಲ್ಲ. ಈಗ ಒಂದು ಟ್ರಸ್ಟಿನವರು ಬಂದಿದ್ದಾರೆ. ಲಾಭಕ್ಕೆ ಮಾಡುವವರಲ್ಲ. ಕೇರಿಯವರದೇ ಸಹಕಾರಿ ಸಂಘ ಮಾಡಿ, ಜಾಗ ಸಂಘದ ಹೆಸರಲ್ಲಿ ಇಟ್ಟು, ಮನೆ ಕಟ್ಟಿಸಿಕೊಡುತ್ತೇವೆ ಅನ್ನುತ್ತಾರೆ. ಗಟಾರ, ದಾರಿ, ಮೀನು ಒಣಗಿಸುವ ಕಟ್ಟೆ ಎಲ್ಲಾ ಸೇರಿ. ನಮ್ಮ ಪಾಲು ಮನೆಗೆ 1.6 ಲಕ್ಷ. ಷರತ್ತು ಒಂದೇ. ಮನೆ ಮಾರುವುದಾದರೆ ಸಂಘಕ್ಕೇ ಮಾರಬೇಕು, ಸಂಘದ ದರಕ್ಕೆ. ಅಪ್ಪ ಬೇಡ ಅನ್ನುತ್ತಾನೆ, ಆಯಿ ಬೇಕು ಅನ್ನುತ್ತಾಳೆ. ಚೌತಿ ಒಳಗೆ ಉತ್ತರ ಕೊಡಬೇಕು. ಮಾಡಿಸಿಕೊಂಡವರು ಹೇಳಿ.

ನಂದನಗದ್ದಾ ಸ್ವಂತಮನೆ:
ಬೇಡ. ನಮ್ಮಲ್ಲೂ ಇಂಥವರೇ ಬಂದಿದ್ದರು. ಕೇರಿಯಲ್ಲಿ ನಾನೊಬ್ಬನೇ ಸಹಿ ಹಾಕಲಿಲ್ಲ. ಪಿಎಂ ಆವಾಸ್‌ನಲ್ಲಿ ಸ್ವಂತ ಕಟ್ಟಿದೆ. ಕೇಂದ್ರದ್ದು 1.5 ಲಕ್ಷ, ಅದೂ ಕಂತು ಕಂತಾಗಿ. ಪಾಯಕ್ಕೊಂದು ಫೋಟೊ, ಲಿಂಟಲ್‌ಗೊಂದು ಫೋಟೊ, ಸ್ಲ್ಯಾಬಿಗೊಂದು ಫೋಟೊ. ಫೋಟೊ ತೆಗೆಯುವವನು ಬರದಿದ್ದರೆ ದುಡ್ಡೂ ಬರುವುದಿಲ್ಲ. ಕಾರ್ಪೆಟ್ ಏರಿಯಾ 30 ಚದರ ಮೀಟರ್ ಅಂತ ಲೆಕ್ಕ ಹಾಕುವಾಗ ದೇವರ ಕೋಣೆ ಹಾರಿಹೋಯ್ತು. ದೇವರು ಈಗ ಫ್ರಿಜ್ ಮೇಲಿದ್ದಾನೆ.

ಖರ್ಚು ಪೈಸೆ ಪೈಸೆ ಬರೆದಿಟ್ಟಿದ್ದೇನೆ. ಚಿರೆಕಲ್ಲು 1,650, ಒಂದಕ್ಕೆ 46 ರೂಪಾಯಿ. ಇಳಿಸುವಾಗ ಒಡೆದದ್ದು 94. ಅದಕ್ಕೆ ಲಾರಿಯವನೂ ಹೊಣೆ ಅಲ್ಲ, ಕಲ್ಲಿನವನೂ ಅಲ್ಲ. 2024ರ ಜುಲೈ 16ಕ್ಕೆ ಶಿರೂರಲ್ಲಿ ಗುಡ್ಡ ಕುಸಿಯಿತು, ಹೆದ್ದಾರಿ ಬಂದ್. ಕುಮಟಾ ಕಡೆಯಿಂದ ಬರಬೇಕಿದ್ದ ಎರಡು ಲೋಡು ಅಲ್ಲೇ ಉಳಿಯಿತು. ಆಗಸ್ಟ್ 7ರ ನಸುಕಿಗೆ ಕಾಳಿ ನದಿಯ ಹಳೇ ಸೇತುವೆ ಬಿತ್ತು. ಸದಾಶಿವಗಡದಿಂದ ಬರುತ್ತಿದ್ದ ಮೇಸ್ತ್ರಿ ಅದನ್ನೇ ನೆಪ ಮಾಡಿಕೊಂಡು ದಸರಾ ದಾಟಿಸಿದ. ಪಕ್ಕದಲ್ಲೇ ಹೊಸ ಸೇತುವೆ ಮೇಲೆ ಬಸ್ಸೇ ಓಡಾಡುತ್ತಿತ್ತು, ಇವನ ಸ್ಕೂಟರಿಗೆ ದಾರಿ ಇರಲಿಲ್ಲವಂತೆ. ಲಿಂಟಲ್‌ವರೆಗೆ ಎದ್ದ ಗೋಡೆ ಮಳೆಗಾಲ ಪೂರ್ತಿ ನೆನೆಯಿತು. ತಾಡಪತ್ರಿಗೇ 7,800. ಒಟ್ಟು 6,43,270. ಸೊಸೈಟಿ ಸಾಲ ಇನ್ನೂ ನಾಲ್ಕು ವರ್ಷ ಇದೆ.

ಆದರೆ ಗೋಡೆ ನನ್ನದು. ನಾಳೆ ಮಗಳ ಮದುವೆಗೆ ಮಾರಬೇಕಾದರೆ ಯಾರ ಕಾಲೂ ಹಿಡಿಯಬೇಕಿಲ್ಲ.

ಮರಾಠಿಕೊಪ್ಪದ ಅಕ್ಕ:
ಶಿರಸಿಯಿಂದ. ನಾವು 22 ಮನೆ ಕಟ್ಟಿಸಿಕೊಂಡೆವು, ಸಂಘದ ಮೂಲಕವೇ. ಏಳು ವರ್ಷ ಹಿಡಿಯಿತು. ಮೊದಲ ಮೂರು ವರ್ಷ ಒಂದು ಕಲ್ಲೂ ಇಟ್ಟಿಲ್ಲ, ಬರೀ ವಾರಕ್ಕೆ 50 ರೂಪಾಯಿ ಉಳಿತಾಯ ಮತ್ತು ಮೀಟಿಂಗು. ಗಂಡಸರು ಎರಡನೇ ಮೀಟಿಂಗಿಗೇ ಬರುವುದು ಬಿಟ್ಟರು. ಸ್ಲ್ಯಾಬ್ ಹಾಕುವ ದಿನ ಮಾತ್ರ ಎಲ್ಲರೂ ಹಾಜರು, ಕೋಳಿ ಇತ್ತಲ್ಲ.

ಒಂದು ಮಾತ್ರ ಹೇಳುತ್ತೇನೆ. ಇಂಜಿನಿಯರ್ ಕಾಗದದ ಮೇಲೆ ಬರೆದ ನಕ್ಷೆ ನಮಗೆ ಯಾರಿಗೂ ತಿಳಿಯಲಿಲ್ಲ. ಶಾಲೆ ಮೈದಾನದಲ್ಲಿ ರಂಗೋಲಿ ಪುಡಿಯಿಂದ ಅದೇ ಅಳತೆಗೆ ಮನೆ ಬರೆಸಿದೆವು. ಒಳಗೆ ನಡೆದು ನೋಡಿದೆವು. ಬಾಗಿಲು ಬರುವ ಕಡೆ ಚಪ್ಪಲಿ ಇಟ್ಟೆವು. ಒಬ್ಬ ಅಜ್ಜಿ ಬಚ್ಚಲ ಗೆರೆಯೊಳಗೆ ಕೂತಳು, ಕಾಲು ಹೊರಗೆ ಬಂತು. ಹಂಡೆ ಎಲ್ಲಿ ಇಡುವುದು, ಕಟ್ಟಿಗೆ ಎಲ್ಲಿ ತೂರಿಸುವುದು ಅಂತ ಕೇಳಿದಳು. ಇಂಜಿನಿಯರ್ ಹತ್ತಿರ ಉತ್ತರ ಇರಲಿಲ್ಲ. ಅಡುಗೆಮನೆಯಿಂದ ಒಂದೂವರೆ ಅಡಿ ಕಿತ್ತು ಬಚ್ಚಲಿಗೆ ಕೊಟ್ಟೆವು. 22 ಮನೆಯಲ್ಲೂ ಇವತ್ತಿಗೂ ಹಂಡೆ ಒಲೆ ಉರಿಯುತ್ತದೆ.

ನಂದನಗದ್ದಾ ಅವರೇ, ಸಹಕಾರಿ ಅಂದರೆ ಮೂಗು ಮುರಿಯಬೇಡಿ. ಶಿರಸಿಯಲ್ಲಿ ಅಡಿಕೆಯವರು 1923ರಲ್ಲೇ ಸೇಲ್ ಸೊಸೈಟಿ ಕಟ್ಟಿಕೊಂಡವರು. ಅಡಿಕೆಗೆ ಆಗುವುದು ಮನೆಗೆ ಯಾಕಾಗಬಾರದು?

ನಂದನಗದ್ದಾ ಸ್ವಂತಮನೆ:
ಅಡಿಕೆ ಪ್ರತಿ ವರ್ಷ ಬಿಡುತ್ತದೆ ಅಕ್ಕಾ. ಮನೆ ಬಿಡುವುದಿಲ್ಲ. ತೋಟ ಇದ್ದವರ ಸೊಸೈಟಿ ಬೇರೆ, ಬಲೆ ಬಿಟ್ಟರೆ ಏನೂ ಇಲ್ಲದವರ ಸೊಸೈಟಿ ಬೇರೆ.

ಮರಾಠಿಕೊಪ್ಪದ ಅಕ್ಕ:
ನಮ್ಮ 22 ಮನೆಯಲ್ಲಿ ಒಬ್ಬರಿಗೂ ಒಂದು ಅಡಿಕೆ ಮರ ಇಲ್ಲ. ತೋಟಕ್ಕೆ ಕೊನೆ ಕೊಯ್ಯಲು, ಅಡಿಕೆ ಸುಲಿಯಲು ಹೋಗುವವರು ನಾವು. ಗೊತ್ತಿಲ್ಲದೆ ಮಾತಾಡಬೇಡಿ.

ಮೇಸ್ತ್ರಿ ನಾನೇ:
ಮೇಸ್ತ್ರಿಗಳನ್ನು ಬೈಯುವುದು ಸುಲಭ. ಸೇತುವೆ ಬಿದ್ದ ವಾರ ನಾನೂ ಆಚೆ ದಡದಲ್ಲಿದ್ದೆ. ಒಂದೇ ಸೇತುವೆ ಮೇಲೆ ಎರಡೂ ಕಡೆಯ ಗಾಡಿ. ಎಂಟು ಗಂಟೆ ಕೆಲಸಕ್ಕೆ ಎಷ್ಟು ಗಂಟೆಗೆ ಹೊರಡಬೇಕಿತ್ತು ಅಂತ ನಿಮಗೇನು ಗೊತ್ತು? ಇನ್ನು ಮಳೆಗಾಲದಲ್ಲಿ ಗೋಡೆ ಎಬ್ಬಿಸಿ ನಿಲ್ಲಿಸಿದ್ದು ಯಾರ ತಪ್ಪು? ಈ ಕರಾವಳಿಯಲ್ಲಿ ಜೂನ್‌ಗೆ ಮೊದಲು ತಲೆ ಮೇಲೆ ಏನಾದರೂ ಬರಬೇಕು, ಇಲ್ಲ ದೀಪಾವಳಿ ಕಳೆದ ಮೇಲೆ ಪಾಯ ತೆಗೆಯಬೇಕು.

ಎಲ್ಲರೂ ಸ್ಲ್ಯಾಬ್ ಸ್ಲ್ಯಾಬ್ ಅನ್ನುತ್ತೀರಿ. ಹಳೇ ಹಂಚು ಎಸೆಯಬೇಡಿ. ಕೇರಳದಲ್ಲಿ ಲಾರಿ ಬೇಕರ್ ಅನ್ನುವ ವಾಸ್ತುಶಿಲ್ಪಿ ಮಾಡಿ ತೋರಿಸಿದ ಹಾಗೆ ಸ್ಲ್ಯಾಬಿನ ಹೊಟ್ಟೆಯಲ್ಲಿ ಹಂಚು ಕೂರಿಸಬಹುದು. ಕೆಳಗಿನ ಭಾಗದಲ್ಲಿ ಎಳೆತ ತಡೆಯುವುದು ಕಬ್ಬಿಣ, ಕಾಂಕ್ರೀಟ್ ಅಲ್ಲಿ ಸುಮ್ನೆ ಭಾರ. ಅಷ್ಟು ಸಿಮೆಂಟು ಉಳಿಯುತ್ತದೆ, ಬೇಸಿಗೆಯಲ್ಲಿ ಒಳಗೆ ಸೆಕೆಯೂ ಕಡಿಮೆ. ಒಂಬತ್ತು ಮನೆಗೆ ಹಾಕಿದ್ದೇನೆ.

ನಂದನಗದ್ದಾ ಸ್ವಂತಮನೆ:
ಒಂಬತ್ತರಲ್ಲಿ ಎಷ್ಟು ಸೋರುತ್ತವೆ?

ಮೇಸ್ತ್ರಿ ನಾನೇ:
ಒಂದು. ಆ ಮನೆಯವರು ಡಿಶ್ ಟಿವಿ ಕೂರಿಸಲು ಡ್ರಿಲ್ ಹೊಡೆಸಿದ್ದರು.

ತೋಡೂರು ಕಾಲೊನಿ:
ನಾವು ಸೀಬರ್ಡ್ ನೌಕಾನೆಲೆಗೆ ಊರು ಬಿಟ್ಟುಕೊಟ್ಟು ಬಂದವರು. ಅಡಿಗಲ್ಲು ಹಾಕಿದ್ದು 1986ರಲ್ಲಿ. ಅಜ್ಜ ಇದ್ದಾಗ ತೆಂಗಿನ ಮರ ಎಷ್ಟಿತ್ತು ಅಂತ ಅಪ್ಪ ಈಗಲೂ ಎಣಿಸುತ್ತಾನೆ. ಕಾಲೊನಿಯಲ್ಲಿ ಸಿಕ್ಕ ಸೈಟು ಅಜ್ಜನ ಹೆಸರಲ್ಲಿತ್ತು. ಅಜ್ಜ ಹೋದ ಮೇಲೆ ವಾರಸಾ ಮಾಡಿಸಲಿಲ್ಲ, ತಪ್ಪು ನಮ್ಮದೇ. ಈಗ ಒಂದು ಸೈಟಿಗೆ ಅಪ್ಪನೂ ಸೇರಿ ನಾಲ್ಕು ಅಣ್ಣತಮ್ಮಂದಿರು, ಎರಡು ಅತ್ತೆಯರು. ಒಬ್ಬ ಚಿಕ್ಕಪ್ಪ ವಾಸ್ಕೋದಲ್ಲಿ, ಸಹಿಗೆ ಬರುವುದಿಲ್ಲ. ಬಂದರೆ ಹೋಗಿ ಬರುವ ಖರ್ಚಿನ ಜೊತೆ ಇನ್ನೇನೋ ಕೇಳುತ್ತಾನೆ. ವಕೀಲರಿಗೆ ಇದುವರೆಗೆ 38,500. ಈ ನಡುವೆ 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ 1ರಿಂದ 2 ಪರ್ಸೆಂಟ್ ಆಯಿತು. ಸ್ವಂತ ಹೆಸರು, ಸ್ವಂತ ಹೆಸರು ಅಂತ ಕುಣಿಯುವವರು ಇದನ್ನೂ ನೋಡಿ.

ಹೊರದೇಶದಲ್ಲಿದ್ದೇನೆ:
ಈ ಮಾದರಿ ಹೊಸತಲ್ಲ. ಬೋಸ್ಟನ್‌ನ ಡಡ್ಲಿ ಸ್ಟ್ರೀಟ್ ಕೇರಿಯವರು 1984ರಲ್ಲಿ ಸಂಘಟನೆ ಮಾಡಿಕೊಂಡರು. ಅಲ್ಲಿ ಮನೆಗಳಿಗೆ ಬೆಂಕಿ ಹಾಕಿ ಖಾಲಿ ಬಿಟ್ಟ ಸೈಟುಗಳು, ಊರಿನ ಕಸವೆಲ್ಲ ಅಲ್ಲೇ. 1988ರಲ್ಲಿ ಆ ಖಾಲಿ ಜಾಗ ಸ್ವಾಧೀನ ಮಾಡಿಕೊಳ್ಳುವ ಅಧಿಕಾರವನ್ನೇ ನಗರಾಡಳಿತ ಅವರಿಗೆ ಕೊಟ್ಟಿತು. ನೆಲ ಟ್ರಸ್ಟಿನದು, ಮನೆ ಜನರದು, 99 ವರ್ಷದ ಲೀಸು.

ನಂದನಗದ್ದಾ ಸ್ವಂತಮನೆ:
ಬೋಸ್ಟನ್‌ನಲ್ಲಿ ಆಷಾಢ ಇದೆಯಾ ಸ್ವಾಮಿ? ನಮ್ಮ ಕಡೆ ಪಂಚಾಯಿತಿ ಸಭೆಯೇ ಗಲಾಟೆ ಇಲ್ಲದೆ ಮುಗಿಯುವುದಿಲ್ಲ.

ಕಾಗದ ನೋಡುವವ:
ಮೊದಲು ಕೇಳಬೇಕಾದದ್ದು ಸಿಆರ್‌ಝಡ್, ಅಂದರೆ ಕರಾವಳಿ ದಡದಲ್ಲಿ ಕಟ್ಟುವುದಕ್ಕಿರುವ ನಿಯಮ. ಕೋಡಿಬಾಗ ಅಂದರೆ ನದಿಯೂ ಇದೆ, ಸಮುದ್ರವೂ ಇದೆ. ಸಿಆರ್‌ಝಡ್-2 (ಈಗಾಗಲೇ ಕಟ್ಟಡ ತುಂಬಿದ ಪಟ್ಟಣದ ಭಾಗ) ಆದರೆ, ಈಗಾಗಲೇ ಇರುವ ರಸ್ತೆ ಅಥವಾ ಅಧಿಕೃತ ಕಟ್ಟಡದ ಭೂಮಿ ಕಡೆಗೆ ಮಾತ್ರ ಕಟ್ಟಬಹುದು, ನೀರಿನ ಕಡೆಗೆ ಇಲ್ಲ. ಟ್ರಸ್ಟಿನವರು ನಕ್ಷೆಯಲ್ಲಿ ಆ ಗೆರೆ ತೋರಿಸಿದ್ದಾರಾ? ಕಾಗದ ಇಲ್ಲದ ಮನೆಗಳು ಸರಕಾರಿ ಜಾಗದಲ್ಲಿದ್ದರೆ ಅದು 94ಸಿಸಿ ವಿಷಯ, ಅಂದರೆ ಪಟ್ಟಣದ ಸರಕಾರಿ ಜಾಗದಲ್ಲಿ ಕಟ್ಟಿದ ಮನೆ ಸಕ್ರಮ ಮಾಡಿಸಿಕೊಳ್ಳುವುದು. ಅದು ಮುಗಿಯದೆ ಸಂಘಕ್ಕೆ ಯಾವ ಜಾಗ ಬರೆದುಕೊಡುತ್ತೀರಿ?

ಮರಾಠಿಕೊಪ್ಪದ ಅಕ್ಕ:
ಮೇಸ್ತ್ರಿ ಅವರೇ, ನಮ್ಮಲ್ಲೂ ಹಂಚು ಕೂರಿಸಿದ ಸ್ಲ್ಯಾಬೇ. ಸೋರುವುದಿಲ್ಲ. ಆದರೆ ಫ್ಯಾನಿನ ಕೊಕ್ಕೆ ಎಲ್ಲಿ ಬರುತ್ತದೆ ಅಂತ ಮೊದಲೇ ಹೇಳದೆ ನಾಲ್ಕು ಮನೆಯಲ್ಲಿ ಫ್ಯಾನು ಮೂಲೆಯಲ್ಲಿ ತಿರುಗುತ್ತಿದೆ.

ಕೋಡಿಬಾಗದವ:
ಎಲ್ಲರಿಗೂ ಥ್ಯಾಂಕ್ಸ್. ಆದರೆ ಮಾರುವ ಷರತ್ತಿನ ಬಗ್ಗೆ ಯಾರೂ ಹೇಳಲಿಲ್ಲ. ಅಪ್ಪನ ಜಗಳ ಇರುವುದೇ ಅದಕ್ಕೆ.

ಮರಾಠಿಕೊಪ್ಪದ ಅಕ್ಕ:
ಹೇಳುತ್ತೇನೆ ತಮ್ಮಾ, ಹೇಳಬಾರದು ಅಂತಿದ್ದೆ. ನಮ್ಮ ಲೆಕ್ಕ ಹೀಗೆ: ಕಟ್ಟಿದ ಪಾಲು 1.2 ಲಕ್ಷ, ಅದಕ್ಕೆ ವರ್ಷಕ್ಕೆ 6 ಪರ್ಸೆಂಟ್ ಸೇರಿಸಿ ಸಂಘ ವಾಪಸ್ ತೆಗೆದುಕೊಳ್ಳುತ್ತದೆ. ಐದನೇ ವರ್ಷಕ್ಕೆ 1.56 ಲಕ್ಷ. ಒಬ್ಬ 100 ರೂಪಾಯಿ ಛಾಪಾ ಕಾಗದದ ಮೇಲೆ ಬರೆದುಕೊಟ್ಟು ಹೊರಗಿನವರಿಗೆ 9 ಲಕ್ಷಕ್ಕೆ ಮಾರಿದ. ರಾತ್ರೋರಾತ್ರಿ ಸಾಮಾನು ಹೋಯ್ತು. ಸಹಕಾರಿ ಕಾಯ್ದೆಯ 70ನೇ ಸೆಕ್ಷನ್ ಕೇಸು ಹಾಕಿದೆವು. ಎರಡೂವರೆ ವರ್ಷ, 61 ಸಾವಿರ, ನನ್ನ ತಾಳಿ ಸರ ಅಡವು. ಗೆದ್ದೆವು. ಅವನ ಹೆಂಡತಿ ಈಗಲೂ ಸಂತೆಯಲ್ಲಿ ಕಂಡರೆ ಮುಖ ತಿರುಗಿಸುತ್ತಾಳೆ. ನನ್ನ ಜೊತೆ ಉಳಿತಾಯ ಶುರು ಮಾಡಿದ್ದೇ ಅವಳು.

ನಂದನಗದ್ದಾ ಸ್ವಂತಮನೆ:
ನೋಡಿ. ಇದನ್ನೇ ನಾನು ಹೇಳಿದ್ದು. ಅವನಿಗೆ ಏನು ಕಷ್ಟ ಇತ್ತೋ. 9 ಲಕ್ಷದ ಮನೆಯನ್ನು ಒಂದೂವರೆಗೆ ಬಿಟ್ಟುಹೋಗು ಅಂದರೆ ಯಾವ ನ್ಯಾಯ?

ಮರಾಠಿಕೊಪ್ಪದ ಅಕ್ಕ:
9 ಲಕ್ಷ ಯಾಕಾಯ್ತು? ಅವನ ಗೋಡೆಗಾ? ಮೊದಲು ಆ ಕೇರಿಗೆ ಆಟೋದವನೂ ಬರುತ್ತಿರಲಿಲ್ಲ. ದಾರಿಗೆ ಮಣ್ಣು ಹೊತ್ತವರು ನಾವು. ಗಟಾರ ತೋಡಿದವರು ನಾವು. ಬೀದಿ ದೀಪಕ್ಕೆ ಹನ್ನೊಂದು ಸಲ ಅರ್ಜಿ ಹಿಡಿದು ನಿಂತವಳು ನಾನು. ಏರಿದ ಬೆಲೆ 22 ಮನೆಯದು, ಅವನೊಬ್ಬ ಹೇಗೆ ಹೊತ್ತುಕೊಂಡು ಹೋಗುತ್ತಾನೆ?

ತೋಡೂರು ಕಾಲೊನಿ:
ಅಕ್ಕಾ, ಮಾತು ಸರಿ. ಆದರೆ ಮಗನ ಆಪರೇಷನ್ನಿಗೋ ಮತ್ತೊಂದಕ್ಕೋ ಮಾರಿದ್ದರೆ? ಸಂಘದಲ್ಲಿ ತುರ್ತಿಗೆ ಸಾಲ ಕೊಡುವ ನಿಧಿ ಇತ್ತಾ?

ಮರಾಠಿಕೊಪ್ಪದ ಅಕ್ಕ:
ಆಗ ಇರಲಿಲ್ಲ. ಕೇಸು ಮುಗಿದ ಮೇಲೆ ಮಾಡಿದೆವು.

ಮೇಸ್ತ್ರಿ ನಾನೇ:
ನಂದನಗದ್ದಾದವರೇ, ಕಡ್ಡಿ ಆಡಿಸುವುದು ಬಿಡಿ. 6.43 ಲಕ್ಷ ಸುರಿದು ದೇವರನ್ನು ಫ್ರಿಜ್ ಮೇಲೆ ಕೂರಿಸಿದವರು ನ್ಯಾಯ ಹೇಳಬೇಕಾ?

ನಂದನಗದ್ದಾ ಸ್ವಂತಮನೆ:
ನಿನ್ನಂಥ ಮೇಸ್ತ್ರಿ ಸಿಕ್ಕಿದ್ದಕ್ಕೇ 6.43 ಆಯಿತು. ದೇವರ ಸುದ್ದಿಗೆ ಬರಬೇಡ.
ಇರಲಿ. ಆ 7,800ರ ತಾಡಪತ್ರಿ ಮನೆಯಲ್ಲೇ ಬಿದ್ದಿದೆ. ಎರಡು ಕಡೆ ತೂತು, ಉಳಿದದ್ದು ಗಟ್ಟಿ. ಯಾರಿಗಾದರೂ ಬೇಕಾದರೆ ಎರಡು ಸಾವಿರಕ್ಕೆ ಕೊಡುತ್ತೇನೆ.

ಕೋಡಿಬಾಗದವ:
ಅಣ್ಣಾ, 1,500 ಮಾಡುತ್ತೀರಾ? ನಮ್ಮ ಅಡುಗೆಮನೆ ಮೇಲೆ ಹಾಕಬೇಕಿತ್ತು.