7200 ಹರ್ಟ್ಸ್‌ನಲ್ಲಿ ಶಿಳ್ಳೆ: ಇದು ರೋಟರ್ ಸದ್ದಾ, ಮೆಶ್ ಸದ್ದಾ?

ಗಾಳಿಗುಮ್ಮ:
ಎರಡು ಬ್ಲೇಡಿನ ರೋಟರ್, ವ್ಯಾಸ 24 ಸೆಂ.ಮೀ., ವೇಗ 6000 ಆರ್‌ಪಿಎಂ. ಗಾಳಿಯ ಹರಿವನ್ನು ಕಂಪ್ಯೂಟರ್‌ನಲ್ಲಿ ಲೆಕ್ಕ ಹಾಕುವ ಓಪನ್‌ಫೋಮ್‌ನಲ್ಲಿ ಸ್ಲೈಡಿಂಗ್ ಮೆಶ್ ಹಾಕಿದ್ದೇನೆ. ಅಂದರೆ ಜಾಗವನ್ನು ಸೆಲ್ ಎಂಬ ಸಣ್ಣ ತುಂಡುಗಳಾಗಿ ಹಂಚುವ ಜಾಲ; ರೋಟರ್ ಸುತ್ತಲಿನ ಭಾಗ ತಿರುಗುತ್ತದೆ, ಹೊರಗಿನದು ನಿಂತಿರುತ್ತದೆ. ಇನ್‌ಕಂಪ್ರೆಸಿಬಲ್ ಸಾಲ್ವರ್ (ಗಾಳಿ ಕುಗ್ಗುವುದಿಲ್ಲ ಎಂದು ಹಿಡಿಯುವ ಲೆಕ್ಕ), ಯುರಾನ್ಸ್ (ಸುಳಿಗಳನ್ನು ಸರಾಸರಿಯಾಗಿ ಹಿಡಿಯುವ ವಿಧಾನ), ಲೆಕ್ಕದ ಒಂದು ಸ್ಟೆಪ್‌ಗೆ ರೋಟರ್ 1 ಡಿಗ್ರಿ. ರೋಟರ್ ಸುತ್ತ ಡಬ್ಬಿಯಂಥ ಮೇಲ್ಮೈ ಇಟ್ಟು, ಅಲ್ಲಿಂದ ಎಫ್‌ಡಬ್ಲ್ಯು-ಎಚ್ ಲೆಕ್ಕದಲ್ಲಿ ದೂರದ ಸದ್ದು ತೆಗೆಯುತ್ತಿದ್ದೇನೆ.

ಸೆಕೆಂಡಿಗೆ 100 ಸುತ್ತು, ಎರಡು ಬ್ಲೇಡ್, ಹಾಗಾಗಿ 200 ಹರ್ಟ್ಸ್‌ನಲ್ಲಿ ಬರಬೇಕಾದ ಪೀಕ್ ಬಂತು. ಆದರೆ 7200ರಲ್ಲಿ ಇನ್ನೊಂದಿದೆ, ಸೂಜಿಯ ಹಾಗೆ. ವೇಗವನ್ನು 5000ಕ್ಕೆ ಇಳಿಸಿದರೆ ಅದೂ 6000 ಹರ್ಟ್ಸ್‌ಗೆ ಇಳಿಯುತ್ತದೆ. 36ನೇ ಹಾರ್ಮೋನಿಕ್ (200ರ 36 ಪಟ್ಟು) ಇರಬೇಕು ಅಂದುಕೊಂಡೆ. ಹಾಗಾದರೆ ನಡುವಿನವೆಲ್ಲ ಎಲ್ಲಿ ಹೋದವು?

ತಿರುಗಣಿ:
ಬ್ಲೇಡಿನ ಹಿಂದಿನ ಅಂಚಿನ ಸದ್ದು ಇರಬಹುದಾ?

ಮೆಶ್‌ಮರುಳ:
ಅದು ಸಾಮಾನ್ಯವಾಗಿ ಹರಡಿಕೊಂಡಿರುತ್ತದೆ, ಸೂಜಿಯಂತೆ ಇರುವುದಿಲ್ಲ. ಅಲ್ಲದೆ ಯುರಾನ್ಸ್ ಸಣ್ಣ ಸುಳಿಗಳನ್ನೆಲ್ಲ ಸರಾಸರಿ ಮಾಡಿ ಮುಗಿಸಿರುತ್ತದೆ. ಆ ಸದ್ದು ಬೇಕಿದ್ದರೆ ಎಲ್‌ಇಎಸ್ (ಸುಳಿಗಳಲ್ಲಿ ಹೆಚ್ಚಿನವನ್ನು ನೇರವಾಗಿ ಲೆಕ್ಕ ಹಾಕುವ ವಿಧಾನ) ಕಡೆ ಹೋಗಬೇಕು.

ಗುಮ್ಮ, ತಿರುಗುವ ಭಾಗ ಮತ್ತು ನಿಂತ ಭಾಗ ಸೇರುವ ಕಡೆ ಸುತ್ತಲೂ ಎಷ್ಟು ಸೆಲ್ ಇವೆ?

ಗಾಳಿಗುಮ್ಮ:
ಎರಡೂ ಕಡೆ 72. ತ್ರಿಜ್ಯ 15 ಸೆಂ.ಮೀ. ... ಅಯ್ಯೋ.

ಮೆಶ್‌ಮರುಳ:
ಹಾಂ, ಅದೇ. ರೋಟರ್ ಸೆಕೆಂಡಿಗೆ 100 ಸುತ್ತು, 72 ಸೆಲ್, ಗುಣಿಸಿದರೆ 7200. ವೇಗದ ಜೊತೆ ಪೀಕ್ ಕೂಡ ಸರಿಯಿತು ಎಂಬುದೇ ನಿಮ್ಮ ದಾರಿ ತಪ್ಪಿಸಿದೆ. ಮೆಶ್ ತಪ್ಪೂ ರೋಟರ್ ಜೊತೆಗೇ ತಿರುಗುತ್ತದಲ್ವಾ?

ನಿಮ್ಮ ಸಿಲಿಂಡರ್ ನಿಜವಾಗಿ ಸಿಲಿಂಡರ್ ಅಲ್ಲ, 72 ಚಪ್ಪಟೆ ಮುಖಗಳ ಡ್ರಮ್. ಒಂದು ಡ್ರಮ್ ಒಳಗೆ ಇನ್ನೊಂದು ತಿರುಗುತ್ತಿದೆ. ಪ್ರತಿ 5 ಡಿಗ್ರಿಗೆ ಒಮ್ಮೆ ಮಾತ್ರ ಮುಖಗಳು ಸರಿಯಾಗಿ ಕೂರುತ್ತವೆ. ಉಳಿದ ಹೊತ್ತು ಮೂಲೆಗಳಲ್ಲಿ ಸುಮಾರು 0.14 ಮಿ.ಮೀ. ತನಕ ಸಂದು ಬೀಳುತ್ತದೆ, ಇಲ್ಲವೇ ಒಂದರ ಮೇಲೊಂದು ಏರುತ್ತದೆ. ಅಲ್ಲಿ ಗಾಳಿಯ ಲೆಕ್ಕ ಚೂರು ತಪ್ಪುತ್ತದೆ. ಇನ್‌ಕಂಪ್ರೆಸಿಬಲ್ ಸಾಲ್ವರ್‌ನಲ್ಲಿ ಒತ್ತಡ ಎಲ್ಲ ಕಡೆಗೂ ಒಂದೇ ಸಲ ತಲುಪುತ್ತದೆ. ಹಾಗಾಗಿ ಆ ಚೂರು ತಪ್ಪು ಲೆಕ್ಕದ ಇಡೀ ಜಾಗದಲ್ಲಿ ಜರ್ಕ್ ಆಗಿ ಕಾಣುತ್ತದೆ, ನಿಮ್ಮ ಡಬ್ಬಿ ಅದನ್ನೇ ಸದ್ದು ಎಂದು ಬರೆದುಕೊಳ್ಳುತ್ತದೆ.

ನನ್ನ ಮಾತು ನಂಬಬೇಡಿ, ಸುಮ್ನೆ ಸೆಲ್ 90 ಮಾಡಿ ನೋಡಿ. ಪೀಕ್ 9000ಕ್ಕೆ ಹೋದರೆ ಮೆಶ್‌ದೇ. ಡಬ್ಬಿ ಬಿಟ್ಟು ಬ್ಲೇಡಿನ ಮೇಲ್ಮೈಯಿಂದಲೇ ಸದ್ದು ತೆಗೆದೂ ನೋಡಿ. ಬ್ಲೇಡಿನ ಎಲ್ಲ ಬದಿಗೂ ಒಂದೇ ಜರ್ಕ್ ಬಿದ್ದರೆ ಒಟ್ಟು ಬಲ ಸೊನ್ನೆ, ಪೀಕ್ ತುಂಬಾ ಕುಗ್ಗಬೇಕು.

ಗಾಳಿಗುಮ್ಮ:
90 ಮಾಡಿದೆ. ಸರಿಯಾಗಿ 9000! ಬ್ಲೇಡಿನಿಂದ ತೆಗೆದರೆ ಹುಡುಕಿದರೂ ಸಿಗುತ್ತಿಲ್ಲ. ಈಗ ಏನು ಮಾಡಲಿ? ಸ್ಟೆಪ್ ಚಿಕ್ಕದು ಮಾಡಲಾ?

ಮೆಶ್‌ಮರುಳ:
ಅದರಿಂದ ಆ ಜರ್ಕ್ ಇನ್ನೂ ಚೆನ್ನಾಗಿ ಕಾಣುತ್ತದೆ, ಅಷ್ಟೆ. ಸುತ್ತಲೂ 360 ಸೆಲ್ ಹಾಕಿ. ನಿಮ್ಮ ಸ್ಟೆಪ್ 1 ಡಿಗ್ರಿ, ಪ್ರತಿ ಸ್ಟೆಪ್‌ಗೂ ಸರಿಯಾಗಿ ಒಂದು ಸೆಲ್ ಜರುಗಿ ಮುಖಕ್ಕೆ ಮುಖ ಕೂರುತ್ತದೆ. ಆದರೆ ಕೊರಾಂಟ್ ಸಂಖ್ಯೆ (ಒಂದು ಸ್ಟೆಪ್‌ನಲ್ಲಿ ಗಾಳಿ ಎಷ್ಟು ಸೆಲ್ ದಾಟುತ್ತದೆ ಎಂಬ ಅಳತೆ) ನೋಡಿ ತಾನೇ ಸ್ಟೆಪ್ ಬದಲಿಸುವ ಆಯ್ಕೆ ಆಫ್ ಇರಲಿ, ಇಲ್ಲದಿದ್ದರೆ ಎಲ್ಲ ವ್ಯರ್ಥ. ಒತ್ತಡದ ಟಾಲರೆನ್ಸ್ (ಲೆಕ್ಕದಲ್ಲಿ ಒಪ್ಪುವ ತಪ್ಪಿನ ಮಿತಿ) ಕೂಡ ಬಿಗಿ ಮಾಡಿ. ಮೊದಲ ಕೆಲವು ಸುತ್ತುಗಳನ್ನು ಎಸೆದು, ನಂತರದ 10 ಸುತ್ತು ತೆಗೆದುಕೊಳ್ಳಿ. ಆಗ 10 ಹರ್ಟ್ಸ್ ಅಂತರದಲ್ಲಿ ಸ್ಪೆಕ್ಟ್ರಮ್ ಸಿಗುತ್ತದೆ.

ಗಾಳಿಗುಮ್ಮ:
ಎರಡು ದಿನ ಓಡಿತು. ಶಿಳ್ಳೆ ಹೋಯಿತು! 200, 400 ಚೆನ್ನಾಗಿ ಕಾಣುತ್ತಿವೆ. ಆದರೆ ಈಗ 100 ಹರ್ಟ್ಸ್‌ನಲ್ಲಿ ಸಣ್ಣ ಉಬ್ಬು. ಇದ್ಯಾವುದಪ್ಪಾ?

ಮೆಶ್‌ಮರುಳ:
ಸುತ್ತಿಗೊಮ್ಮೆ ಬರುವ ಸದ್ದು. ಅಂದರೆ ಎರಡು ಬ್ಲೇಡ್ ಒಂದೇ ಥರ ಇಲ್ಲ. ಎರಡಕ್ಕೂ ಬೇರೆ ಬೇರೆ ಮೆಶ್ ಆಗಿದೆಯಾ? ಒಂದನ್ನು ಮಾಡಿ 180 ಡಿಗ್ರಿ ತಿರುಗಿಸಿ ಕಾಪಿ ಮಾಡಿ.

ಗಾಳಿಗುಮ್ಮ:
ಆಟೊ ಮೆಶ್ ಹಾಕಿದ್ದೆ, ಎರಡನೇ ಬ್ಲೇಡಿನ ತುದಿಯಲ್ಲಿ ಮೇಲ್ಮೈಗೆ ಅಂಟಿಕೊಂಡು ಬರಬೇಕಾದ ತೆಳು ಸೆಲ್ ಪದರಗಳೇ ಬಿದ್ದಿಲ್ಲ. ಇವತ್ತು ರಾತ್ರಿ ಮತ್ತೆ ಓಡಿಸುತ್ತೇನೆ.