ಜರ್ಮನಿ ನಿಜಕ್ಕೂ ಅಮೆರಿಕದಿಂದ ದೂರ ಸರಿಯುತ್ತಿದೆಯೇ?

ಸಹ್ಯಾದ್ರಿ ಓದುಗ:
2025ರ ಫೆಬ್ರವರಿ 23ರ ರಾತ್ರಿ, ಜರ್ಮನಿಯ ಚುನಾವಣೆ ಗೆದ್ದ ಕೆಲವೇ ಗಂಟೆಗಳಲ್ಲಿ, ಯುರೋಪು ಹಂತಹಂತವಾಗಿ ಅಮೆರಿಕದ ಅವಲಂಬನೆಯಿಂದ ಬಿಡಿಸಿಕೊಳ್ಳಬೇಕೆಂದು, ಮುಂದೆ ಚಾನ್ಸಲರ್ (ಸರ್ಕಾರದ ಮುಖ್ಯಸ್ಥ) ಆದ ಫ್ರೆಡ್ರಿಕ್ ಮೆರ್ಜ್ ಹೇಳಿದರು. ಜರ್ಮನಿ ಮತ್ತು ಅಮೆರಿಕದ ಸ್ನೇಹಕ್ಕೆಂದೇ ಇರುವ ‘ಅಟ್ಲಾಂಟಿಕ್ ಬ್ರ್ಯೂಕೆ’ ಸಂಘಟನೆಗೆ ಹತ್ತು ವರ್ಷ ಅಧ್ಯಕ್ಷರಾಗಿದ್ದವರು ಅವರು. ಮಾರ್ಚ್ 18ರಂದು ಸಂಸತ್ತಿನ ಕೆಳಮನೆ ಸಂವಿಧಾನದ ತಿದ್ದುಪಡಿಗೇ ಒಪ್ಪಿ, ಜಿಡಿಪಿಯ ಶೇ 1ಕ್ಕಿಂತ ಹೆಚ್ಚಿನ ರಕ್ಷಣಾ ವೆಚ್ಚವನ್ನು, ಸರ್ಕಾರದ ಸಾಲಕ್ಕೆ ಮಿತಿ ಹಾಕುವ 2009ರ ‘ಸಾಲದ ಕಡಿವಾಣ’ದಿಂದ ಹೊರಗಿಟ್ಟಿತು. ಇದನ್ನು ಬರಿಯ ಮಾತೆಂದು ತಳ್ಳಿಹಾಕುವಂತಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ಸಂಪಾದಕ:
ಮಾತು ಒಂದು, ನಡೆ ಇನ್ನೊಂದು ಎಂಬುದನ್ನು ಜರ್ಮನಿ ಹಿಂದೆಯೂ ತೋರಿಸಿದೆ ಸರ್. 2003ರಲ್ಲಿ ಇರಾಕ್ ಯುದ್ಧವನ್ನು ಚಾನ್ಸಲರ್ ಶ್ರೋಡರ್ ಬಹಿರಂಗವಾಗಿ ವಿರೋಧಿಸಿದರು. ಸಂಬಂಧ ಹಳಸಿತೆಂದು ಎಲ್ಲರೂ ಬರೆದೆವು, ನಾನೂ ಬರೆದೆ. ಆದರೆ ಅದೇ ಸರ್ಕಾರ ಅಮೆರಿಕದ ಯುದ್ಧವಿಮಾನಗಳಿಗೆ ತನ್ನ ವಾಯುಪ್ರದೇಶವನ್ನು ಮುಚ್ಚಲಿಲ್ಲ, ಜರ್ಮನ್ ನೆಲದಲ್ಲಿರುವ ಅಮೆರಿಕದ ನೆಲೆಗಳ ಕಾವಲಿಗೆ ತನ್ನದೇ ಸೈನಿಕರನ್ನು ನಿಲ್ಲಿಸಿತು. 2013ರಲ್ಲಿ ಮರ್ಕೆಲ್ ಅವರ ಫೋನ್ ಮೇಲೆ ಅಮೆರಿಕ ಕಣ್ಣಿಟ್ಟಿತ್ತೆಂಬ ಸುದ್ದಿ ಬಂದಾಗಲೂ ಸಿಟ್ಟು ಹೇಳಿಕೆಗಳಲ್ಲಿಯೇ ತಣ್ಣಗಾಯಿತು.

ಬರ್ಲಿನ್ ಕನ್ನಡತಿ:
ಆ ಎರಡು ಪ್ರಸಂಗಗಳಿಗೂ ಈಗಿನದಕ್ಕೂ ಒಂದು ವ್ಯತ್ಯಾಸವಿದೆ. ಆಗ ಜಗಳ ನೀತಿಯ ಬಗ್ಗೆ ಇತ್ತು. ಈ ಸಲ ವಾಷಿಂಗ್ಟನ್ ಇಲ್ಲಿನ ಪಕ್ಷ ರಾಜಕಾರಣದೊಳಗೇ ಕಾಲಿಟ್ಟಿತು. ಮತದಾನಕ್ಕೆ ಒಂಬತ್ತು ದಿನ ಮೊದಲು ಮ್ಯೂನಿಕ್‌ನ ಭದ್ರತಾ ಸಮ್ಮೇಳನಕ್ಕೆ ಬಂದ ಅಮೆರಿಕದ ಉಪಾಧ್ಯಕ್ಷ ವ್ಯಾನ್ಸ್, ತೀವ್ರ ಬಲಪಂಥೀಯ ಪಕ್ಷವಾದ ಎಎಫ್‌ಡಿಯನ್ನು ಅಧಿಕಾರದಿಂದ ದೂರವಿಡಲು ಇತರ ಪಕ್ಷಗಳು ಕಟ್ಟಿಕೊಂಡಿರುವ ‘ಬೆಂಕಿಗೋಡೆ’ಯನ್ನು ಟೀಕಿಸಿ, ಆ ಪಕ್ಷದ ನಾಯಕಿ ಆಲಿಸ್ ವೈಡೆಲ್ ಅವರನ್ನು ಭೇಟಿಯಾದರು. ಮೆರ್ಜ್ ಅವರಂಥ ಅಮೆರಿಕ ಪ್ರೇಮಿಯ ಧ್ವನಿ ಗಡುಸಾದದ್ದಕ್ಕೆ ಇದೂ ಕಾರಣ.

ಹಾಗೆಂದು ಮಾರ್ಚ್ 18ರ ತಿದ್ದುಪಡಿಯನ್ನು ಹೊಗಳಲು ನನಗೆ ಮನಸ್ಸಿಲ್ಲ. ಪ್ರಚಾರದುದ್ದಕ್ಕೂ ಸಾಲದ ಕಡಿವಾಣವನ್ನು ಸಮರ್ಥಿಸಿದ್ದ ಮೆರ್ಜ್, ಗೆದ್ದ ಮೇಲೆ ಅವಧಿ ಮುಗಿಯುತ್ತಿದ್ದ ಹಳೆಯ ಸಂಸತ್ತನ್ನೇ ಕರೆಸಿ ಅದನ್ನು ಸಡಿಲಿಸಿದರು. ಹೊಸ ಸಂಸತ್ತಿನ 630 ಸ್ಥಾನಗಳಲ್ಲಿ ಎಎಫ್‌ಡಿಗೆ 152, ಎಡಪಕ್ಷಕ್ಕೆ 64 ಸಿಕ್ಕಿದ್ದರಿಂದ ಅಲ್ಲಿ ತಿದ್ದುಪಡಿಗೆ ಬೇಕಾದ ಮೂರನೇ ಎರಡರ ಬಹುಮತ ಕಷ್ಟವಾಗುತ್ತಿತ್ತು. ಹಳೆಯ ಸದನದಲ್ಲಿ 513 ಮತಗಳು ಬಿದ್ದವು. ಕಾನೂನಿಗೆ ಚ್ಯುತಿಯಿಲ್ಲ, ಆದರೆ ಮತದಾರರಿಗೆ ಮೋಸವಾಯಿತೆಂಬ ಭಾವನೆ ಉಳಿಯಿತು.

ಸಹ್ಯಾದ್ರಿ ಓದುಗ:
ಮೇಡಂ, ವಿಧಾನ ಅಂದವಾಗಿರಲಿಲ್ಲವೆಂದು ಒಪ್ಪುತ್ತೇನೆ. ಆದರೂ ಹಣವಿಲ್ಲದೆ ಸ್ವಾವಲಂಬನೆ ಎಲ್ಲಿಂದ ಬರಬೇಕು?

ಹಳೆಯ ಸಂಪಾದಕ:
ಆ ಹಣದಿಂದ ಏನನ್ನು ಕೊಳ್ಳುತ್ತಾರೆ ಎಂಬುದು ನನ್ನ ಪ್ರಶ್ನೆ. ಉಕ್ರೇನ್ ಯುದ್ಧ ಶುರುವಾದ ಬಳಿಕ ಅಂದಿನ ಚಾನ್ಸಲರ್ ಶೋಲ್ಜ್ ಸೇನೆಗೆಂದು 100 ಬಿಲಿಯನ್ ಯೂರೊ ನಿಧಿಯನ್ನು ಘೋಷಿಸಿದರು. 2022ರ ಮಾರ್ಚ್‌ನಲ್ಲಿಯೇ ಅಮೆರಿಕದ 35 ಎಫ್-35 ವಿಮಾನಗಳನ್ನು ಕೊಳ್ಳುವ ನಿರ್ಧಾರವಾಯಿತು. ಜರ್ಮನಿಯ ಬ್ಯೂಷೆಲ್ ವಾಯುನೆಲೆಯಲ್ಲಿ ಅಮೆರಿಕದ ಅಣುಬಾಂಬುಗಳಿವೆಯೆಂಬುದು ಜರ್ಮನಿಯಲ್ಲಿ ಎಲ್ಲರಿಗೂ ತಿಳಿದಿರುವ, ಸರ್ಕಾರ ಮಾತ್ರ ಬಾಯಿಬಿಡದ ವಿಷಯ. ಅವುಗಳನ್ನು ಹೊರಬೇಕಾದ ಟೊರ್ನಾಡೊ ವಿಮಾನಗಳಿಗೆ ವಯಸ್ಸಾಗಿತ್ತು. ಯುರೋಪಿನದೇ ಯೂರೋಫೈಟರ್‌ಗೆ ಆ ಕೆಲಸ ವಹಿಸಬೇಕಾದರೂ ಅಮೆರಿಕದ ಮಾನ್ಯತೆ ಬೇಕಿತ್ತು. ಬಾಂಬು ಅವರದು, ವಿಮಾನ ಅವರದು, ಅಪ್ಪಣೆಯೂ ಅವರದೇ; ಓಡುದಾರಿಯೊಂದು ಜರ್ಮನಿಯದು. ಇದನ್ನು ಬಿಡಿಸಿಕೊಳ್ಳುವುದು ಎಂದು ಹೇಗೆ ಕರೆಯೋಣ?

ಬರ್ಲಿನ್ ಕನ್ನಡತಿ:
ಬೇರೆ ದಾರಿಯೂ ಸುಲಭವಾಗಿಲ್ಲ. ಏಕೀಕರಣಕ್ಕೆ ಅಡಿಪಾಯವಾದ 1990ರ ‘ಎರಡು ಕೂಡಿಸು ನಾಲ್ಕು’ ಒಪ್ಪಂದದಲ್ಲಿ (ಎರಡು ಜರ್ಮನಿಗಳು ಮತ್ತು ಎರಡನೇ ಮಹಾಯುದ್ಧ ಗೆದ್ದ ನಾಲ್ಕು ಶಕ್ತಿಗಳ ನಡುವಿನದು), ಸ್ವಂತ ಅಣ್ವಸ್ತ್ರ ಬೇಡವೆಂಬ ತನ್ನ ಮಾತನ್ನು ಜರ್ಮನಿ ಮತ್ತೆ ದೃಢಪಡಿಸಿದೆ. ಹಾಗಾಗಿಯೇ ಫ್ರಾನ್ಸ್ ಮತ್ತು ಬ್ರಿಟನ್ನುಗಳ ಅಣ್ವಸ್ತ್ರ ರಕ್ಷಣೆಯ ಬಗ್ಗೆ ಮಾತುಕತೆಯಾಗಲಿ ಎಂದು ಮೆರ್ಜ್ ಚುನಾವಣೆಗೆ ಮೊದಲೇ ಹೇಳಿದ್ದು. ಅಲ್ಲಿಯೂ ಬೀಗದಕೈ ಇನ್ನೊಬ್ಬರ ಜೇಬಿನಲ್ಲಿಯೇ ಇರುತ್ತದೆ; ಪ್ಯಾರಿಸ್ಸಿನ ಜೇಬು ವಾಷಿಂಗ್ಟನ್ನಿನದಕ್ಕಿಂತ ಭದ್ರವೆಂದು ನಂಬುವವರು 2027ರ ಫ್ರಾನ್ಸಿನ ಅಧ್ಯಕ್ಷೀಯ ಚುನಾವಣೆಯವರೆಗೆ ಕಾಯುವುದು ಒಳಿತು.