ಫೋಮ್ ಬೋರ್ಡ್ ಕೋಟೆ ಗೋಡೆ ಬಾಗಿದೆ, ಪುಟ್ಟಿ ಬಿರುಕು ಬಿಟ್ಟಿದೆ: ಸರಿ ಮಾಡುವುದು ಹೇಗೆ?

ತುಮಕೂರು_ದಾಳ (ತುಮಕೂರು)

ಎಲ್ಲರಿಗೂ ನಮಸ್ಕಾರ. 1791ರಲ್ಲಿ ಟಿಪ್ಪುವಿನ ನಂದಿದುರ್ಗಕ್ಕೆ ಬ್ರಿಟಿಷರು ಹಾಕಿದ ಮುತ್ತಿಗೆಯನ್ನು ಟೇಬಲ್ ಮೇಲೆ ಯುದ್ಧದ ಆಟವಾಗಿ ಆಡಬೇಕು ಅಂತ 28 ಮಿ.ಮೀ. ಎತ್ತರದ ಸಿಪಾಯಿ ಗೊಂಬೆಗಳಿಗೆ ಹೊಂದುವ ಕೋಟೆ ಗೋಡೆ, ಜೊತೆಗೆ ತಪ್ಪಲಿನ ಹಳ್ಳಿಗೆ ಒಂದೆರಡು ಮನೆ ಮಾಡುತ್ತಿದ್ದೇನೆ. ಗೋಡೆಗೆ ಬಳಸಿದ್ದು 5 ಮಿ.ಮೀ. ಫೋಮ್ ಬೋರ್ಡ್, ಎರಡೂ ಬದಿ ಕಾಗದ ಇರುವಂಥದ್ದು. ಮುಂಭಾಗಕ್ಕೆ ವಾಲ್ ಪುಟ್ಟಿಯನ್ನು ಸುಮಾರು 3 ಮಿ.ಮೀ. ದಪ್ಪ ಮೆತ್ತಿ, ಹಸಿ ಇರುವಾಗಲೇ ಕಡ್ಡಿಯಲ್ಲಿ ಕಲ್ಲಿನ ಗೆರೆ ಎಳೆದು, ತಾರಸಿ ಮೇಲೆ ಬಿಸಿಲಿಗೆ ಇಟ್ಟೆ.

ಸಂಜೆ ನೋಡಿದರೆ ಗೋಡೆಯ ಎರಡೂ ತುದಿ ಪುಟ್ಟಿ ಇರುವ ಕಡೆಗೇ ಬಾಗಿವೆ. ಗೆರೆ ಎಳೆದ ಜಾಗದಿಂದಲೇ ಬಿರುಕು ಹೊರಟಿದೆ. ಮೂಲೆಯಲ್ಲಿ ಉಗುರು ಹಾಕಿದರೆ ಹಕ್ಕಳೆ ಥರ ಏಳುತ್ತದೆ.

ಮನೆಯ ಗೋಡೆಗೆ ಫೆವಿಕಾಲ್ ಬಳಿದು ಮರಳು ಉದುರಿಸಿದ್ದೆ. ಅದು ಬಾಗಿಲ್ಲ. ಆದರೆ ಮಣ್ಣಿನ ಗೋಡೆ ಅನ್ನಿಸುವುದಿಲ್ಲ, ಜಲ್ಲಿ ಹಾಕಿದ ರಸ್ತೆಯನ್ನು ಎತ್ತಿ ನಿಲ್ಲಿಸಿದ ಹಾಗಿದೆ. ಏನು ಮಾಡಲಿ?

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಬಿಸಿಲಿಗೆ ಇಡಬೇಡಿ ಸರ್. ನೆರಳಲ್ಲಿ ಒಣಗಲಿ. ಪುಟ್ಟಿ ಕಲಸುವಾಗ ಒಂದಿಷ್ಟು ಫೆವಿಕಾಲ್ ಹಾಕಿ, ಹಿಡಿತ ಬರುತ್ತದೆ.

ಕಲ್ಲುಚಪ್ಪಡಿ (ಕೋಲಾರ)

ನೆರಳು, ಫೆವಿಕಾಲ್ ಎರಡೂ ಸರಿ. ಆದರೆ ಬಾಗಿದ್ದಕ್ಕೆ ಕಾರಣ ಬೇರೆ. ನಿಮ್ಮ ಮನೆ ಯಾಕೆ ಬಾಗಲಿಲ್ಲ ಅಂತ ಯೋಚಿಸಿದಿರಾ? ಬಹುಶಃ ನಾಲ್ಕು ಗೋಡೆ ಅಂಟಿಸಿ ಡಬ್ಬಿ ಮಾಡಿದ ಮೇಲೆ ಮರಳು ಹಾಕಿದ್ದೀರಿ. ಕೋಟೆ ಗೋಡೆ ಒಂಟಿ ಹಲಗೆ, ಅದನ್ನು ಹಿಡಿದು ನಿಲ್ಲಿಸುವುದು ಏನೂ ಇರಲಿಲ್ಲ.

ನೀರು ಬಿದ್ದರೆ ಕಾಗದ ಹಿಗ್ಗುತ್ತದೆ, ಒಣಗಿದರೆ ಕುಗ್ಗುತ್ತದೆ. ಪುಟ್ಟಿಯೂ ಒಣಗುತ್ತಾ ಕುಗ್ಗುತ್ತದೆ. ಇದೆಲ್ಲ ಒಂದೇ ಬದಿಯಲ್ಲಿ ನಡೆದರೆ ಬೋರ್ಡು ಆ ಬದಿಗೇ ಎಳೆದುಕೊಳ್ಳುತ್ತದೆ. ಹಾಗಾಗಿ ಮುಂದೆ ಏನು ಬಳಿಯುತ್ತೀರೋ ಹಿಂದೆಯೂ ಅದನ್ನೇ ಬಳಿಯಿರಿ. ಹಿಂದೆ ಪುಟ್ಟಿ ಬೇಡ ಅನ್ನಿಸಿದರೆ ನೀರು ಬೆರೆಸಿದ ಫೆವಿಕಾಲ್ ಸಾಕು. ಅದಕ್ಕಿಂತ ಮುಖ್ಯ, ಮೊದಲು ಗೋಡೆಯನ್ನು 3 ಮಿ.ಮೀ. ಎಂ.ಡಿ.ಎಫ್. (ಮರದ ನಾರು ಒತ್ತಿ ಮಾಡಿದ ಹಲಗೆ) ತಳಕ್ಕೆ ಅಂಟಿಸಿ, ಹಿಂದೆ ಅಲ್ಲಲ್ಲಿ ತ್ರಿಕೋನದ ಆಸರೆ ಕೊಡಿ. ಕಟ್ಟಡ ನಿಂತ ಮೇಲೆಯೇ ಮೇಲ್ಮೈ ಕೆಲಸ. ಈ ಕ್ರಮ ತಪ್ಪಿದರೆ ಎಷ್ಟು ಒಳ್ಳೆಯ ಪುಟ್ಟಿ ತಂದರೂ ಪ್ರಯೋಜನವಿಲ್ಲ.

ಇನ್ನು ಬಿರುಕು. ಸಿಮೆಂಟಿನ ವಾಲ್ ಪುಟ್ಟಿ ಒಂದು, ಒಂದೂವರೆ ಮಿ.ಮೀ. ತೆಳುವಾಗಿ ಬಳಿಯುವುದಕ್ಕೆಂದು ಮಾಡಿದ್ದು. 3 ಮಿ.ಮೀ. ಅದಕ್ಕೆ ಜಾಸ್ತಿ ಆಯಿತು. ಸಿಮೆಂಟ್ ಗಟ್ಟಿಯಾಗಲು ನೀರು ಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಇಟ್ಟರೆ ಗಟ್ಟಿಯಾಗುವ ಮೊದಲೇ ನೀರು ಆರಿ, ಪುಟ್ಟಿ ಪುಡಿಪುಡಿಯಾಗುತ್ತದೆ. ನುಣುಪು ಕಾಗದದ ಮೇಲೆ ಅದಕ್ಕೆ ಕಚ್ಚಿಕೊಳ್ಳಲು ಜಾಗವೂ ಇರಲಿಲ್ಲ.

ನನ್ನ ಕೇಳಿದರೆ ಕಲ್ಲಿನ ಕೋಟೆಗೆ ಪುಟ್ಟಿಯೇ ಬೇಡ. ಬೋರ್ಡಿನ ಮುಂಭಾಗದ ಕಾಗದವನ್ನು ಒದ್ದೆ ಬಟ್ಟೆಯಿಂದ ನೆನೆಸಿ ಸುಲಿಯಿರಿ. ಒಳಗಿನ ಫೋಮ್ ಮೇಲೆ ಬಾಲ್ ಪೆನ್ನಿನಿಂದ ಒತ್ತಿ ಕಲ್ಲಿನ ಗೆರೆ ಎಳೆಯಿರಿ. ಆಮೇಲೆ ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್ ತೆಗೆದುಕೊಂಡು ಸಡಿಲವಾಗಿ ಉಂಡೆ ಮಾಡಿ, ಪ್ರತಿ ಕಲ್ಲಿನ ಮೇಲೂ ಬೇರೆ ಬೇರೆ ಕೋನದಲ್ಲಿ ಒತ್ತಿ. ಉಂಡೆಯ ಸುಕ್ಕು ಫೋಮಿಗೆ ಇಳಿದು, ಉಳಿಯಿಂದ ಕೆತ್ತಿದ ಗ್ರಾನೈಟಿನ ಒರಟು ಬರುತ್ತದೆ. ಉಂಡೆ ಚಪ್ಪಟೆಯಾದ ಕೂಡಲೇ ಹೊಸದು ಮಾಡಿಕೊಳ್ಳಿ, ಇಲ್ಲದಿದ್ದರೆ ಎಲ್ಲ ಕಲ್ಲೂ ಒಂದೇ ಥರ ಕಾಣುತ್ತವೆ.

ಗೆರೆ ಎಳೆಯುವಾಗ ಅಳತೆ ಮರೆಯಬೇಡಿ. 28 ಮಿ.ಮೀ. ಅಂದರೆ ಹೆಚ್ಚುಕಡಿಮೆ 1:56, ನಿಜದ ಅಳತೆಯ 56ರಲ್ಲಿ ಒಂದು ಪಾಲು. ಎರಡಡಿ ಉದ್ದದ ಕಲ್ಲು 11 ಮಿ.ಮೀ. ಬರಬೇಕು. ವಿಡಿಯೋಗಳಲ್ಲಿ ತೋರಿಸುವ ಸಣ್ಣ ಇಟ್ಟಿಗೆ ಥರದ ಕಲ್ಲು ನಮ್ಮ ಕೋಟೆಗಳಿಗೆ ಒಪ್ಪುವುದಿಲ್ಲ. ನಿಮ್ಮ ಜಿಲ್ಲೆಯ ಮಧುಗಿರಿ ಬೆಟ್ಟವನ್ನೇ ನೋಡಿ. ದೊಡ್ಡ ದೊಡ್ಡ ಕಲ್ಲು, ಸಾಲು ನೇರವಾಗಿಲ್ಲ, ಗೋಡೆ ಬಂಡೆಯ ಮೇಲೇ ಎದ್ದಿದೆ. ತಳದಲ್ಲಿ ಬಂಡೆ ಮಾಡಿ, ಅದರ ಏರಿಳಿತಕ್ಕೆ ತಕ್ಕಂತೆ ಗೋಡೆಯ ಕೆಳ ಅಂಚನ್ನು ಕತ್ತರಿಸಿ ಕೂರಿಸಿದರೆ ಅದು ಎಲ್ಲಿಯ ಕೋಟೆ ಅಂತ ಯಾರೂ ಕೇಳಬೇಕಿಲ್ಲ.

ಮರಳಿನ ತೊಂದರೆಯೂ ಅಳತೆಯದೇ. 1 ಮಿ.ಮೀ. ಕಾಳು ಈ ಸ್ಕೇಲಿನಲ್ಲಿ 5-6 ಸೆಂ.ಮೀ. ಕಲ್ಲಾಗುತ್ತದೆ. ಮಣ್ಣಿನ ಗೋಡೆಗೆ ಅಷ್ಟು ದಪ್ಪ ಇರುತ್ತದಾ? ಎಂ-ಸ್ಯಾಂಡ್ ತಂದು ಟೀ ಸೋಸುವ ಜರಡಿಯಲ್ಲಿ ಜರಡಿ ಹಿಡಿಯಿರಿ, ಕೆಳಗೆ ಬಿದ್ದ ಸಣ್ಣ ಪುಡಿ ಮಾತ್ರ ಗೋಡೆಗೆ, ಮೇಲೆ ಉಳಿದದ್ದು ನೆಲಕ್ಕೆ. ಮೂಗು ಬಾಯಿಗೆ ಮಾಸ್ಕ್ ಹಾಕಿಕೊಂಡೇ ಮಾಡಿ, ಕಲ್ಲಿನ ಧೂಳು ಶ್ವಾಸಕೋಶಕ್ಕೆ ಒಳ್ಳೆಯದಲ್ಲ.

ತುಮಕೂರು_ದಾಳ (ತುಮಕೂರು)

ತುಂಬಾ ಥ್ಯಾಂಕ್ಸ್ ಸರ್. ಹೌದು, ಮನೆಯನ್ನು ಡಬ್ಬಿ ಮಾಡಿದ ಮೇಲೆಯೇ ಮರಳು ಹಾಕಿದ್ದು. ಈಗ ಬಾಗಿರುವ ಗೋಡೆಯನ್ನು ಉಳಿಸಿಕೊಳ್ಳಬಹುದಾ, ಅಥವಾ ಬಿಸಾಕಲಾ? ಕಾಗದ ಸುಲಿದ ಮೇಲೆ ಕಪ್ಪು ಸ್ಪ್ರೇ ಪೇಂಟ್ ಹೊಡೆದರೆ ಆಗುತ್ತದಾ? ಮನೆಗೆ ಮಂಗಳೂರು ಹೆಂಚು ಹಾಕೋಣ ಅಂತಿದ್ದೇನೆ.

ಕಲ್ಲುಚಪ್ಪಡಿ (ಕೋಲಾರ)

ಬಿಸಾಕಬೇಡಿ. ಪುಟ್ಟಿಯನ್ನು ಸ್ಕ್ರೇಪರಿನಿಂದ ಪೂರ್ತಿ ಕೆರೆದು ತೆಗೆಯಿರಿ. ಹಿಂಬದಿಯ ಕಾಗದಕ್ಕೆ ನೀರು ಬೆರೆಸಿದ ಫೆವಿಕಾಲನ್ನು ಮೂಲೆಯಿಂದ ಮೂಲೆಗೆ ಗುಣಾಕಾರದ ಗುರುತಿನಂತೆ ಬಳಿಯಿರಿ. ಮೇಲೊಂದು ಪ್ಲಾಸ್ಟಿಕ್ ಹಾಳೆ ಹಾಸಿ, ಭಾರದ ಪುಸ್ತಕ ಹೇರಿ ರಾತ್ರಿಯಿಡೀ ಬಿಡಿ. ಅದು ಒಣಗುವಾಗ ಹಿಂದಕ್ಕೆ ಎಳೆಯುತ್ತದೆ, ಬಹುಪಾಲು ನೇರವಾಗುತ್ತದೆ. ಉಳಿದದ್ದನ್ನು ಎಂ.ಡಿ.ಎಫ್. ತಳ ಹಿಡಿದುಕೊಳ್ಳುತ್ತದೆ.

ಸ್ಪ್ರೇ ಮಾತ್ರ ನೇರವಾಗಿ ಹೊಡೆಯಲೇಬೇಡಿ. ಕಾಗದ ಸುಲಿದ ಫೋಮ್ ಹೆಚ್ಚಾಗಿ ಪಾಲಿಸ್ಟೈರೀನ್, ಥರ್ಮಾಕೋಲಿನ ಜಾತಿಯದೇ. ಸ್ಪ್ರೇಯಲ್ಲಿರುವ ದ್ರಾವಕ ಅದನ್ನು ಕರಗಿಸಿ ಗುಂಡಿ ಮಾಡುತ್ತದೆ. ಚಪ್ಪಲಿಗೆ ಹಚ್ಚುವ ಹಳದಿ ಗಮ್ಮಿನಿಂದಲೂ ಇದೇ ಅಪಾಯ. ಕಪ್ಪು ಅಕ್ರಿಲಿಕ್ ಬಣ್ಣಕ್ಕೆ ಫೆವಿಕಾಲ್ ಬೆರೆಸಿ, ಗೆರೆಯ ಸಂದಿಗೂ ಹೋಗುವಂತೆ ಬ್ರಷ್ಷಿನಲ್ಲಿ ಎರಡು ಕೋಟ್ ಬಳಿಯಿರಿ. ಬಣ್ಣವೂ ಆಯಿತು, ಫೋಮಿಗೆ ಗಟ್ಟಿ ಚರ್ಮವೂ ಆಯಿತು.

ಹೆಂಚಿನ ವಿಷಯ: ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರ ಹೆಂಚಿನ ಕಾರ್ಖಾನೆ ಶುರುವಾಗಿದ್ದೇ 1865ರಲ್ಲಿ. 1791ರ ಮನೆಗೆ ಅದು ಸಲ್ಲದು. ನಾಡಹೆಂಚು ಮಾಡಿ. ರಟ್ಟಿನ ಡಬ್ಬಿಯ ಒಂದು ಪದರ ಸುಲಿದರೆ ಒಳಗೆ ಏಣು ಏಣಾದ ಕಾಗದ ಸಿಗುತ್ತದೆ. ಅದನ್ನು 8 ಮಿ.ಮೀ. ಪಟ್ಟಿಗಳಾಗಿ ಕತ್ತರಿಸಿ, ಸೂರಿನಿಂದ ಮೇಲಕ್ಕೆ ಒಂದರ ಮೇಲೊಂದು ಸ್ವಲ್ಪ ಏರಿಸಿ ಅಂಟಿಸುತ್ತಾ ಹೋಗಿ.

ನಂದಿತಪ್ಪಲು (ಚಿಕ್ಕಬಳ್ಳಾಪುರ)

ಬಣ್ಣದ ಬಗ್ಗೆ ನನ್ನದೊಂದು ಮಾತು. ಕಪ್ಪಿನ ಮೇಲೆ ಸುಮ್ನೆ ಬೂದು ಒಂದೇ ಬಳಿಯಬೇಡಿ. ನಂದಿ ಬೆಟ್ಟದ ಗೋಡೆ ಹತ್ತಿರ ನಿಂತು ನೋಡಿದರೆ ಬೂದು ಬಣ್ಣದೊಳಗೆ ತುಸು ಕಂದು ಇದೆ, ಮಳೆನೀರು ಇಳಿದ ಕಡೆ ಮೇಲಿಂದ ಕೆಳಕ್ಕೆ ಕಪ್ಪು ಪಟ್ಟೆ ಇದೆ. ಕೋಟೆ ತೆನೆಗಳ (ಗೋಡೆಯ ಮೇಲಂಚಿನಲ್ಲಿ ಹಲ್ಲಿನ ಹಾಗೆ ಎದ್ದಿರುವ ಸಾಲು) ಸಂದಿಯಿಂದ ತೆಳು ಕಪ್ಪು ಬಣ್ಣ ಇಳಿಬಿಡಿ. ಕೊನೆಗೆ ಬ್ರಷ್ಷಿನ ಬಣ್ಣವನ್ನು ಪೇಪರಿಗೆ ಒರೆಸಿ, ಉಳಿದ ತಿಳಿ ಬೂದನ್ನು ಕಲ್ಲಿನ ಅಂಚಿಗೆ ಮಾತ್ರ ಸವರಿ.

ಗೋಡೆಯನ್ನು ತುಂಡು ತುಂಡಾಗಿ ಮಾಡುತ್ತಿದ್ದರೆ ಒಡೆದ ತುಂಡೊಂದನ್ನು ಬೇರೆಯಾಗಿ ಮಾಡಿಟ್ಟುಕೊಳ್ಳಿ. ಬ್ರಿಟಿಷರು ಬೆಟ್ಟದ ಇಳಿಜಾರಿನಲ್ಲಿ ದಾರಿ ಮಾಡಿ ಫಿರಂಗಿ ಏರಿಸಿ, ಗೋಡೆ ಒಡೆದ ಮೇಲೆಯೇ ಅಕ್ಟೋಬರ್ 19ರಂದು ಕೋಟೆ ಅವರ ಕೈಗೆ ಹೋಗಿದ್ದು. ಆಟದ ಮಧ್ಯೆ ಇಡೀ ತುಂಡು ತೆಗೆದು ಒಡೆದದ್ದನ್ನು ಇಡಬಹುದು.

ತುಮಕೂರು_ದಾಳ (ತುಮಕೂರು)

ಗೋಡೆ ಸುಮಾರಾಗಿ ನೇರವಾಯಿತು, ಎಂ.ಡಿ.ಎಫ್. ಮೇಲೆ ಕೂರಿಸಿದ್ದೇನೆ. ಫಾಯಿಲ್ ಉಂಡೆ ನಿಜಕ್ಕೂ ಅದ್ಭುತ ಕೆಲಸ ಮಾಡುತ್ತದೆ ಸರ್. ಒಂದೇ ಪ್ರಶ್ನೆ ಉಳಿದಿದೆ, ಬಾಗಿಲು ಎಷ್ಟು ಎತ್ತರ ಇಡಲಿ?

ಕಲ್ಲುಚಪ್ಪಡಿ (ಕೋಲಾರ)

ಲೆಕ್ಕದ ಪ್ರಕಾರ ಐದೂವರೆ ಅಡಿ ಬಾಗಿಲು 30 ಮಿ.ಮೀ. ಆಗುತ್ತದೆ. ಆದರೆ ಗೊಂಬೆ ತಳದ ಬಿಲ್ಲೆಯ ಮೇಲೆ ನಿಂತಿರುತ್ತದಲ್ವಾ, ಅದಕ್ಕೆ 36 ಮಿ.ಮೀ. ಇಡಿ. ಕತ್ತರಿಸುವ ಮೊದಲು ನಿಮ್ಮ ಅತಿ ಎತ್ತರದ ಸಿಪಾಯಿಯನ್ನು ಪಕ್ಕದಲ್ಲಿ ನಿಲ್ಲಿಸಿ ಪೆನ್ಸಿಲ್ ಗುರುತು ಹಾಕಿಕೊಳ್ಳಿ.